ಮೂರನೆಯ ತಲೆಮಾರಿನ ಬಾಗಿಲು: ಪರದೇಶಿ, ಪೌರತ್ವ ಮತ್ತು ಧರ್ಮಶಾಸ್ತ್ರ

ನಮ್ಮ ಹಳ್ಳಿಗಳ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಹೊರನಾಡಿನವನು ಎಂಬುದು ಎರಡನೆಯ ಅರ್ಥ. ದಿಕ್ಕಿಲ್ಲದವನು ಎಂಬುದೇ ಮೊದಲನೆಯದು. ಹೆತ್ತವರನ್ನು ಕಳೆದುಕೊಂಡ ಮಗುವನ್ನು ಕಂಡು ‘ಪಾಪ, ಪರದೇಶಿ ಆಯಿತು’ ಎನ್ನುತ್ತಾರೆ. ಆ ಮಗು ತನ್ನ ಊರಿನ ಎಲ್ಲೆಯನ್ನು ಒಮ್ಮೆಯೂ ದಾಟಿರುವುದಿಲ್ಲ. ಆದರೂ ಅದರ ಪರವಾಗಿ ಮಾತನಾಡುವವರು ಯಾರೂ ಇಲ್ಲವಾದ್ದರಿಂದ ಅದು ಪರದೇಶಿ. ಧರ್ಮೋಪದೇಶಕಾಂಡವನ್ನು ಕನ್ನಡದಲ್ಲಿ ಓದುವವರಿಗೆ ಈ ಅರ್ಥಸಾಮ್ಯ ಥಟ್ಟನೆ ಹೊಳೆಯಬೇಕು. ಅಲ್ಲಿ ಅನಾಥ, ವಿಧವೆ ಮತ್ತು ಪರದೇಶಿ ಎಂಬ ಮೂವರೂ ಸದಾ ಒಟ್ಟಿಗೆ ಬರುತ್ತಾರೆ (10:18, 24:17-21). ಈ ಜೋಡಣೆಗೆ ಕಾರಣ ಬರಿಯ ಕರುಣೆಯಲ್ಲ. ಭೂಮಿಯೂ ಕುಲವೂ ಇರುವ ಗಂಡಸಿಗೆ ಮಾತ್ರ ಊರಬಾಗಿಲ ನ್ಯಾಯಸಭೆಯಲ್ಲಿ ದನಿಯಿದ್ದ ಸಮಾಜ ಅದು. ಈ ಮೂವರಿಗೆ ಆ ದನಿ ಇರಲಿಲ್ಲ.

ಇಂದಿನ ರಾಷ್ಟ್ರದಲ್ಲಿ ಊರಬಾಗಿಲ ದನಿಗೆ ಸಮನಾದದ್ದು ಪೌರತ್ವ. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಪಾಠ ಮಾಡುವಾಗ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಎದ್ದು ಕೇಳುತ್ತಾನೆ: ‘ಗಡಿ ಕಾಯುವುದು ಸರಕಾರದ ಕೆಲಸವಲ್ಲವೇ ಫಾದರ್, ಇದರಲ್ಲಿ ಧರ್ಮಶಾಸ್ತ್ರಕ್ಕೆ ಏನು ಕೆಲಸ?’ ಈ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ತರಗತಿಯಲ್ಲಿ ಕೊಡುವ ಉತ್ತರ ಸಾಮಾನ್ಯವಾಗಿ ಅವಸರದ್ದಾಗಿರುತ್ತದೆ. ಆ ಸಾಲವನ್ನು ತೀರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ಇದರಲ್ಲಿ ನನ್ನ ಸ್ವಂತ ಅಭಿಪ್ರಾಯಗಳೂ ಸೇರಿವೆ. ಅವು ಎಲ್ಲಿ ಆರಂಭವಾಗುತ್ತವೆ ಎಂಬುದನ್ನು ಆಯಾ ಕಡೆ ತಿಳಿಸುತ್ತೇನೆ.

ಗೇರ್, ನೊಕ್ರಿ, ಎಜ್ರಾಹ್

ಹಳೆಯ ಒಡಂಬಡಿಕೆಯಲ್ಲಿ ಹೊರಗಿನವನನ್ನು ಸೂಚಿಸಲು ಒಂದಕ್ಕಿಂತ ಹೆಚ್ಚು ಪದಗಳಿವೆ. ‘ನೊಕ್ರಿ’ ಎಂದರೆ ಅನ್ಯದೇಶೀಯ. ವ್ಯಾಪಾರಕ್ಕೆ ಬಂದು ಹೋಗುವವನು, ತನ್ನ ನಾಡಿನ ನಂಟನ್ನು ಕಡಿದುಕೊಳ್ಳದವನು. ‘ಗೇರ್’ ಎಂದರೆ ಬಂದು ನೆಲೆಸಿದವನು. ‘ಎಜ್ರಾಹ್’ ಎಂದರೆ ಆ ಮಣ್ಣಿನಲ್ಲೇ ಹುಟ್ಟಿದವನು. ನಮ್ಮ ಅನುವಾದಗಳಲ್ಲಿ ಮೊದಲಿನ ಎರಡೂ ಅನೇಕ ವೇಳೆ ‘ಪರದೇಶಿ’ ಎಂಬ ಒಂದೇ ಪದದೊಳಗೆ ಕರಗಿಹೋಗುತ್ತವೆ. ಅದರಿಂದ ನಷ್ಟವೇ ಆಗುತ್ತದೆ. ಏಕೆಂದರೆ ಇಸ್ರಯೇಲಿನ ಧರ್ಮಶಾಸನ ಈ ಇಬ್ಬರನ್ನು ಒಂದೇ ರೀತಿ ಕಾಣುವುದಿಲ್ಲ. ನೊಕ್ರಿಯಿಂದ ಬಡ್ಡಿ ಪಡೆಯಬಹುದು, ಅವನನ್ನು ಅರಸನನ್ನಾಗಿ ಮಾಡಕೂಡದು. ಗೇರ್‌ನಾದರೋ ಸಬ್ಬತ್ತಿನ ವಿಶ್ರಾಂತಿಗೆ ಹಕ್ಕುದಾರ, ಹೊಲದಲ್ಲಿ ಉಳಿದ ತೆನೆಗೆ ಹಕ್ಕುದಾರ, ಆಶ್ರಯನಗರಗಳಿಗೂ ಹಕ್ಕುದಾರ. ಯಾಜಕಕಾಂಡದ 19ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಅವನನ್ನು ಎಜ್ರಾಹ್‌ನಂತೆಯೇ ಕಾಣಬೇಕು, ತನ್ನಂತೆಯೇ ಪ್ರೀತಿಸಬೇಕು ಎಂದು ವಿಧಿಸುತ್ತದೆ. ಕೊಡುವ ಕಾರಣ ಒಂದೇ: ನೀವೂ ಈಜಿಪ್ಟಿನಲ್ಲಿ ಗೇರ್‌ಗಳಾಗಿದ್ದಿರಿ.

ಆ ಗೇರ್ ಇಸ್ರಯೇಲಿನ ವಿಶ್ವಾಸವನ್ನು ಸ್ವೀಕರಿಸಿದವನೇ ಆಗಿದ್ದ, ಆದ್ದರಿಂದ ಈ ಪ್ರೀತಿ ಸ್ವಧರ್ಮೀಯರ ನಡುವಿನ ಪ್ರೀತಿ ಮಾತ್ರ ಎಂಬ ವಾದವೊಂದುಂಟು. ಗ್ರೀಕ್ ಸಪ್ತತಿ ಅನುವಾದದಲ್ಲಿ ಗೇರ್ ಎಂಬುದಕ್ಕೆ ಬಹುಮಟ್ಟಿಗೆ ‘ಪ್ರೊಸೆಲುತೊಸ್’ ಎಂಬ ಪದವನ್ನು ಬಳಸಿದ್ದು ಈ ವಾದಕ್ಕೆ ಬಲ ಕೊಟ್ಟಿತು. ಪಾಸ್ಕದ ಭೋಜನಕ್ಕೆ ಗೇರ್‌ನು ಸುನ್ನತಿ ಮಾಡಿಸಿಕೊಂಡಿರಬೇಕು ಎಂಬ ನಿಯಮ (ವಿಮೋಚನಾಕಾಂಡ 12:48) ಇರುವುದೂ ನಿಜವೇ. ಆದರೆ ಆ ನಿಯಮವೇ, ಸುನ್ನತಿಯಿಲ್ಲದ ಗೇರ್‌ಗಳು ಇದ್ದರೆಂಬುದನ್ನೂ ಹೇಳುತ್ತದೆ. ಧರ್ಮೋಪದೇಶಕಾಂಡ 14:21ರಲ್ಲಿ ಇನ್ನೊಂದು ಚಿಕ್ಕ ಸಾಕ್ಷ್ಯವಿದೆ: ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಇಸ್ರಯೇಲರು ತಿನ್ನಬಾರದು; ಅದನ್ನು ಗೇರ್‌ಗೆ ಕೊಡಬಹುದು, ನೊಕ್ರಿಗೆ ಮಾರಬಹುದು. ಗೇರ್‌ನು ಅದನ್ನು ತಿನ್ನಬಹುದಾಗಿದ್ದರೆ ಅವನು ಇಸ್ರಯೇಲಿನ ಶುದ್ಧಾಚಾರದೊಳಗೆ ಇರಲಿಲ್ಲವೆಂದೇ ಅರ್ಥ. ಯಾಜಕಕಾಂಡ 17:15 ಇದೇ ವಿಷಯದಲ್ಲಿ ಇಬ್ಬರಿಗೂ ಒಂದೇ ನಿಯಮವನ್ನು ವಿಧಿಸುತ್ತದೆ. ಇವೆರಡು ಬೇರೆ ಬೇರೆ ಪರಂಪರೆಗಳು. ಕೊಡುವುದಕ್ಕೂ ಮಾರುವುದಕ್ಕೂ ನಡುವೆ ಇರುವ ಅಂತರವೂ ಗಮನಾರ್ಹ. ನೊಕ್ರಿಯ ಕೈಯಲ್ಲಿ ಹಣವಿದೆ, ಗೇರ್‌ನ ಕೈಯಲ್ಲಿ ಇಲ್ಲ.

ಇಷ್ಟಾದರೂ ಗೇರ್‌ಗೆ ದೊರೆಯದ ಒಂದು ವಸ್ತುವಿತ್ತು: ಭೂಮಿ. ನಾಡನ್ನು ಹಂಚಿಕೊಂಡದ್ದು ಕುಲಗಳು, ಗೇರ್‌ಗೆ ಕುಲವಿಲ್ಲ. ಹಾಗಾಗಿ ಅವನು ಎಷ್ಟೇ ಪ್ರೀತಿಪಾತ್ರನಾದರೂ ಕೂಲಿಯವನಾಗಿ, ತೆನೆ ಆಯುವವನಾಗಿಯೇ ಉಳಿಯಬೇಕಿತ್ತು. ಇದನ್ನು ಮುರಿದ ವಾಕ್ಯ ಯೆಹೆಜ್ಕೇಲನ ಗ್ರಂಥದ ಕೊನೆಯ ಭಾಗದಲ್ಲಿದೆ (47:22-23). ಬ್ಯಾಬಿಲೋನಿನ ಗಡೀಪಾರಿನಲ್ಲಿದ್ದ ಪ್ರವಾದಿ ಮರಳಿ ಪಡೆಯಲಿರುವ ನಾಡಿನ ನಕ್ಷೆಯನ್ನು ಬಿಡಿಸುತ್ತಾನೆ. ಗಡಿಗಳನ್ನು ಒಂದೊಂದಾಗಿ ಗುರುತಿಸುತ್ತಾನೆ (ಗಡಿಗಳೇ ಬೇಡವೆನ್ನುವವನಲ್ಲ ಅವನು). ಬಳಿಕ, ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಗೇರ್‌ಗಳೂ ಎಜ್ರಾಹ್‌ಗಳಂತೆ ಪಾಲು ಪಡೆಯಲಿ, ಯಾವ ಕುಲದ ನಡುವೆ ವಾಸಿಸುತ್ತಾರೋ ಆ ಕುಲದಲ್ಲೇ ಪಡೆಯಲಿ ಎನ್ನುತ್ತಾನೆ. ಹಕ್ಕಿಗೆ ಅಡಿಪಾಯ ಇಲ್ಲಿ ಎರಡು: ನೆಲೆಸಿರುವುದು ಮತ್ತು ಮಕ್ಕಳು ಅಲ್ಲಿ ಹುಟ್ಟಿರುವುದು. ಪೌರತ್ವದ ಹಾದಿಯನ್ನು ಕುರಿತು ಬೈಬಲಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ಬೇರೆ ಇಲ್ಲ. ಬೋಧನೆಗಳಲ್ಲಿ ನಾವು ಇದನ್ನು ಕೇಳುವುದು ತೀರ ಅಪರೂಪ.

ಸಂತ ಥಾಮಸರ ಎಚ್ಚರಿಕೆ

ವಲಸೆಯ ವಿಷಯದಲ್ಲಿ ಬಿಗಿ ನಿಲುವು ತಳೆಯುವ ಕಥೋಲಿಕರು ಸಾಮಾನ್ಯವಾಗಿ ಆಶ್ರಯಿಸುವುದು ಸಂತ ಥಾಮಸ್ ಅಕ್ವಿನಾಸರನ್ನು. ಅವರ ಆಧಾರ ಸುಳ್ಳಲ್ಲ. ‘ಸುಮ್ಮಾ ಥಿಯೊಲಾಜಿಯೆ’ಯ ಎರಡನೆಯ ಭಾಗದ ಮೊದಲರ್ಧದಲ್ಲಿ, 105ನೆಯ ಪ್ರಶ್ನೆಯ ಮೂರನೆಯ ವಿಭಾಗದಲ್ಲಿ, ಅವರು ಇಸ್ರಯೇಲರು ಹೊರಗಿನವರೊಡನೆ ನಡೆದುಕೊಂಡ ರೀತಿಯನ್ನು ಪರಿಶೀಲಿಸುತ್ತಾರೆ. ದಾರಿಹೋಕರಾಗಿ ಬಂದವರು, ನೆಲೆಸಲು ಬಂದವರು, ಜನಾಂಗದೊಡನೆ ಪೂರ್ಣವಾಗಿ ಒಂದಾಗಲು ಬಯಸಿದವರು ಎಂದು ಮೂರು ಬಗೆಯವರನ್ನು ಗುರುತಿಸುತ್ತಾರೆ. ಮೊದಲಿನ ಇಬ್ಬರನ್ನು ಪೀಡಿಸಬಾರದು. ಮೂರನೆಯವರನ್ನು ಮಾತ್ರ ಬಂದ ತಕ್ಷಣ ಪೌರರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಅದಕ್ಕೊಂದು ಕ್ರಮವಿತ್ತು. ತಾತ ಅಥವಾ ಮುತ್ತಾತನ ಕಾಲದಿಂದ ನೆಲೆಸಿದವರನ್ನು ಮಾತ್ರ ಪೌರರೆಂದು ಕೆಲವು ನಾಡುಗಳು ಪರಿಗಣಿಸುತ್ತಿದ್ದವೆಂಬ ಅರಿಸ್ಟಾಟಲನ ಮಾತನ್ನು ಅವರು ಇಲ್ಲಿ ನೆನೆಯುತ್ತಾರೆ. ಸಮಾನ ಹಿತ ಇನ್ನೂ ಹೃದಯದಲ್ಲಿ ಬೇರೂರದವರು ನಾಡಿನ ವ್ಯವಹಾರದಲ್ಲಿ ಕೈಹಾಕಿದರೆ ಅಪಾಯ ಒದಗೀತು ಎಂಬುದು ಅವರು ಕೊಡುವ ಕಾರಣ.

ಈ ಎಚ್ಚರಿಕೆಯನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಅಸ್ಸಾಮಿನ ಜನ ತಮ್ಮ ಭಾಷೆ ಮತ್ತು ಭೂಮಿಯ ಬಗ್ಗೆ ಪಟ್ಟ ಆತಂಕ ಕಲ್ಪಿತವಾದದ್ದಲ್ಲ. 1985ರ ಒಪ್ಪಂದ ಆ ಆತಂಕದ ಫಲ. ಧರ್ಮಸಭೆಯ ಬೋಧನೆಯೂ ಗಡಿಯನ್ನು ನಿರಾಕರಿಸುವುದಿಲ್ಲ. ಕಥೋಲಿಕ ಧರ್ಮೋಪದೇಶದ 2241ನೆಯ ಪರಿಚ್ಛೇದ ಒಂದೆಡೆ ಸಂಪನ್ನ ರಾಷ್ಟ್ರಗಳು ತಮ್ಮ ಶಕ್ತಿಗೆ ತಕ್ಕಂತೆ ಹೊರಗಿನವರನ್ನು ಬರಮಾಡಿಕೊಳ್ಳಲು ಬದ್ಧವೆಂದು ಹೇಳುತ್ತದೆ. ಮತ್ತೊಂದೆಡೆ ಸಮಾನ ಹಿತಕ್ಕಾಗಿ ಷರತ್ತುಗಳನ್ನು ವಿಧಿಸುವ ಅಧಿಕಾರ ರಾಜ್ಯಕ್ಕಿದೆಯೆಂದು ಒಪ್ಪುತ್ತದೆ. ಜಗದ್ಗುರು 23ನೆಯ ಜಾನ್‌ರವರು 1963ರ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪರಿಪತ್ರದಲ್ಲಿ ವಲಸೆಯ ಹಕ್ಕನ್ನು ಮಾನವ ಹಕ್ಕುಗಳ ಸಾಲಿನಲ್ಲಿಟ್ಟರು. ಅದಕ್ಕೂ ‘ನ್ಯಾಯವಾದ ಕಾರಣವಿದ್ದಾಗ’ ಎಂಬ ಅರ್ಥದ ಮಿತಿಯನ್ನು ಸೇರಿಸಿಯೇ ಇಟ್ಟರು.

ಆದರೆ ಥಾಮಸರನ್ನು ಉಲ್ಲೇಖಿಸುವವರು ಅವರ ಮಾತಿನ ಉಳಿದರ್ಧವನ್ನು ಬಿಟ್ಟುಬಿಡುತ್ತಾರೆ. ಕಾಯಬೇಕೆನ್ನುವ ಅವರು ಎಲ್ಲಿಯವರೆಗೆ ಎಂಬುದನ್ನೂ ಹೇಳುತ್ತಾರೆ: ಈಜಿಪ್ಟಿನವರು ಮತ್ತು ಎದೋಮ್ಯರು ಮೂರನೆಯ ತಲೆಮಾರಿನಲ್ಲಿ ಸಭೆಗೆ ಸೇರಬಹುದು (ಧರ್ಮೋಪದೇಶಕಾಂಡ 23:7-8). ಈಜಿಪ್ಟಿನವರೆಂದರೆ ಇಸ್ರಯೇಲರನ್ನು ಗುಲಾಮರನ್ನಾಗಿಸಿದವರು! ಅಂಥವರ ಮೊಮ್ಮಕ್ಕಳಿಗೂ ಬಾಗಿಲು ತೆರೆಯುತ್ತದೆ. ಅದೇ ಅಧ್ಯಾಯ ಅಮ್ಮೋನ್ಯರಿಗೂ ಮೋವಾಬ್ಯರಿಗೂ ಬಾಗಿಲನ್ನು ಮುಚ್ಚಿದೆ. ಥಾಮಸರು ಅದನ್ನೂ ಗಮನಿಸಿ, ವ್ಯಕ್ತಿಗಳ ಸದ್ಗುಣವನ್ನು ಕಂಡು ಆ ನಿಷೇಧವನ್ನೂ ಸಡಿಲಿಸಲಾಯಿತೆಂದು ಹೇಳಿ ಎರಡು ಹೆಸರುಗಳನ್ನು ಕೊಡುತ್ತಾರೆ: ಯೂದಿತಳ ಗ್ರಂಥದ ಅಮ್ಮೋನ್ಯ ಅಕಿಯೋರ್ ಮತ್ತು ಮೋವಾಬಿನ ರೂತಳು. ರೂತಳಾದರೋ ದಾವೀದನ ಮುತ್ತಜ್ಜಿ. ಸಂತ ಮತ್ತಾಯರು ಪ್ರಭು ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಬಿಡದೆ ಬರೆದಿದ್ದಾರೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅರಿಸ್ಟಾಟಲ್ ಆ ನಿಯಮವನ್ನು ಉಲ್ಲೇಖಿಸುವುದು ಅದರ ತೊಡಕನ್ನು ತೋರಿಸುವ ಸಲುವಾಗಿ. ಪೌರರ ಮಗನೇ ಪೌರ ಎಂದಾದರೆ ಮೊಟ್ಟಮೊದಲ ಪೌರ ಹೇಗೆ ಪೌರನಾದ ಎಂಬ ಪ್ರಶ್ನೆ ಅಲ್ಲೇ ಇದೆ. ಅಥೆನ್ಸಿನಲ್ಲಿ ಜೀವಮಾನದ ಬಹುಭಾಗವನ್ನು ಕಳೆದ ಅರಿಸ್ಟಾಟಲ್ ಅಲ್ಲಿ ಎಂದಿಗೂ ಪೌರನಾಗಲಿಲ್ಲ. ಹೊರಗಿನಿಂದ ಬಂದು ನೆಲೆಸಿದವನಾಗಿಯೇ ಉಳಿದ. ಪೌರತ್ವದ ತತ್ತ್ವವನ್ನು ಪಶ್ಚಿಮಕ್ಕೆ ಕಲಿಸಿದವನು ಒಬ್ಬ ಗೇರ್.

ಸುಳ್ಯದ ರಬ್ಬರ್ ತೋಟ, ಬೈಲಕುಪ್ಪೆಯ ಜೋಳದ ಹೊಲ

ಕ್ರಮವಿದ್ದೂ ಕೊನೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸುಳ್ಯ ಮತ್ತು ಪುತ್ತೂರು ಸೀಮೆಯ ಸರಕಾರಿ ರಬ್ಬರ್ ತೋಟಗಳಲ್ಲಿ ನಸುಕಿನಲ್ಲೇ ಎದ್ದು ಹಾಲು ತೆಗೆಯುವ ತಮಿಳು ಕುಟುಂಬಗಳಿವೆ. ಬ್ರಿಟಿಷರ ಕಾಲದಲ್ಲಿ ಸಿಲೋನಿನ ಕಾಫಿ ಮತ್ತು ಚಹಾ ತೋಟಗಳಿಗೆ ಕೂಲಿಗಳಾಗಿ ಹೋದವರ ಸಂತತಿ ಅವರು. ಸ್ವತಂತ್ರ ಸಿಲೋನ್ 1948ರಲ್ಲಿ ಮಾಡಿದ ಪೌರತ್ವ ಕಾನೂನು, ತಂದೆ ಅಥವಾ ತಾತ-ಮುತ್ತಾತರು ಅಲ್ಲಿಯೇ ಹುಟ್ಟಿದರೆಂಬುದಕ್ಕೆ ದಾಖಲೆ ಕೇಳಿತು. ಅರಿಸ್ಟಾಟಲ್ ಪರಿಹಾಸ್ಯಕ್ಕೆ ಗುರಿಮಾಡಿದ ಅದೇ ಷರತ್ತು! ತೋಟದ ಲೈನು ಮನೆಗಳಲ್ಲಿ ಹುಟ್ಟಿದವರ ಜನನವನ್ನು ಬರೆದಿಟ್ಟವರು ಯಾರು? ಲಕ್ಷಾಂತರ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರು ಮಾಡಿಕೊಂಡ ಒಪ್ಪಂದ 9,75,000 ಜನರನ್ನು ಲೆಕ್ಕಹಾಕಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿ, 1,50,000 ಮಂದಿಯನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟಿತು. ಆ ಉಳಿಕೆಯನ್ನು ಅರ್ಧರ್ಧವಾಗಿ ಹಂಚಿದ್ದು 1974ರಲ್ಲಿ. ಜನರನ್ನು ಕೇಳದೆ ಜನರನ್ನು ಹಂಚಿದ ಈ ಲೆಕ್ಕದಲ್ಲಿ ಅಣ್ಣ ಒಂದು ದೇಶಕ್ಕೂ ತಮ್ಮ ಇನ್ನೊಂದು ದೇಶಕ್ಕೂ ಸೇರಿದ ಮನೆಗಳಿವೆ.

ಒಪ್ಪಂದದ ಪ್ರಕಾರ ಬಂದವರಿಗೆ ಭಾರತದ ಪೌರತ್ವ ದೊರೆಯಿತು. ಕರ್ನಾಟಕ ಅವರಲ್ಲಿ ಕೆಲವರಿಗೆ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ಇದು ನೆನೆಯಬೇಕಾದ ಉಪಕಾರ. ಆದರೆ ಕಾಗದದ ಪೌರತ್ವ ಬಂದ ಮೇಲೂ ಜಾತಿ ಪ್ರಮಾಣಪತ್ರಕ್ಕಾಗಿ, ಸ್ವಂತ ನಿವೇಶನಕ್ಕಾಗಿ ಎರಡನೆಯ ತಲೆಮಾರು ಅಲೆಯಬೇಕಾಯಿತು. ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುವಾಗಿದ್ದಾಗ, ಇಂಥ ಮನೆತನದ ಯುವಕನೊಬ್ಬ ತನ್ನ ತಂದೆಯ ದೀಕ್ಷಾಸ್ನಾನದ ದಾಖಲೆ ಹುಡುಕಿಕೊಂಡು ಬಂದಿದ್ದ. ತಂದೆಗೆ ದೀಕ್ಷಾಸ್ನಾನವಾಗಿದ್ದು ಸಮುದ್ರದಾಚೆ. ನಮ್ಮಲ್ಲಿದ್ದದ್ದು ಮದುವೆಯ ನಮೂದು ಮಾತ್ರ. ಅದರಲ್ಲಿ ‘ಹುಟ್ಟಿದ ಸ್ಥಳ’ ಎಂಬ ಅಂಕಣವನ್ನು ಅಂದಿನ ಗುರುಗಳು ಖಾಲಿ ಬಿಟ್ಟಿದ್ದರು. ಸಂಸ್ಕಾರದ ಸಿಂಧುತ್ವಕ್ಕೆ ಅದು ಅಗತ್ಯವಿಲ್ಲ ಎಂದು ನಾನು ಹೇಳಿದೆ. ‘ನಿಮಗೆ ಅಗತ್ಯವಿಲ್ಲ ಫಾದರ್, ಅವರಿಗೆ ಬೇಕು’ ಎಂದ. ದಾಖಲೆ ಪುಸ್ತಕದ ಅಂಕಣವನ್ನು ತುಂಬಿಸುವುದೂ ಪಾಲನಾಸೇವೆ ಎಂಬುದನ್ನು ನಾನು ಕಲಿತದ್ದು ಅಂದು.

ತಮಿಳುನಾಡಿನ ಶಿಬಿರಗಳಲ್ಲಿರುವ ಅವರ ಬಂಧುಗಳ ಸ್ಥಿತಿ ಇನ್ನೂ ಕಠಿಣ. ಭಾರತದ ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದವರಲ್ಲಿ ಹಲವರು 1983ರ ಹಿಂಸಾಚಾರದ ನಂತರ ದೋಣಿ ಹತ್ತಿ ಓಡಿಬಂದರು. ಹಾಗೆ ಬಂದದ್ದರಿಂದ ಕಾನೂನಿನ ಕಣ್ಣಿಗೆ ಅವರು ‘ಅಕ್ರಮ ವಲಸಿಗ’ರಾದರು. 2019ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಇಂಥ 65 ಮಂದಿಯ ಅರ್ಜಿಯನ್ನು ಪರಿಗಣಿಸಬೇಕೆಂದು ಆದೇಶಿಸಿದಾಗ ಅವರು ಶಿಬಿರಕ್ಕೆ ಬಂದು ಸುಮಾರು 35 ವರ್ಷಗಳಾಗಿದ್ದವು.

ಬೈಲಕುಪ್ಪೆಯ ಕಥೆ ಬೇರೆ. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಕಾಡು ನೆಲವನ್ನು ಟಿಬೆಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ನೆಲೆಗಳಾದವು. ಅಲ್ಲೀಗ ಮುಸುಕಿನ ಜೋಳ ಬೆಳೆಯುವವರು ನಾಲ್ಕನೆಯ ತಲೆಮಾರಿನ ಎಳೆಯರನ್ನು ಎತ್ತಿಕೊಂಡಿದ್ದಾರೆ. ಸಂತೆಯಲ್ಲಿ ಅವರ ಕನ್ನಡ ಪಿರಿಯಾಪಟ್ಟಣದ ಕನ್ನಡವೇ. ಆದರೂ ಅವರಲ್ಲಿ ಹೆಚ್ಚಿನವರು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ಬದುಕುವ ವಿದೇಶಿಯರು.

ಇಲ್ಲಿ ನಮ್ಮ ಪೌರತ್ವ ಕಾನೂನನ್ನು ಸ್ವಲ್ಪ ವಿವರಿಸಬೇಕು. 1955ರ ಮೂಲ ಕಾಯಿದೆಯಂತೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಭಾರತದ ನೆಲದಲ್ಲಿ ಹುಟ್ಟಿದವರೆಲ್ಲ ಭಾರತದ ಪೌರರು. 1986ರ ತಿದ್ದುಪಡಿ ಇದನ್ನು ಬಿಗಿಗೊಳಿಸಿತು: 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2003ರ ತಿದ್ದುಪಡಿ ಇನ್ನೂ ಬಿಗಿಗೊಳಿಸಿತು: 2004ರ ಡಿಸೆಂಬರ್ 3ರಿಂದ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು; ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಅರ್ಜಿಗೆ ಮೊದಲಿನ ಒಂದು ವರ್ಷ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿ ವಾಸಿಸಿದ್ದು, ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನು ಬಲ್ಲವರಾದರೆ ದೇಶೀಕರಣಕ್ಕೆ ಅರ್ಜಿ ಹಾಕಬಹುದು. ಕನ್ನಡವೂ ಆ ಭಾಷೆಗಳಲ್ಲಿ ಒಂದು. ಆದರೆ ‘ಅಕ್ರಮ ವಲಸಿಗ’ ಎಂಬ ಹಣೆಪಟ್ಟಿ ಬಿದ್ದವರಿಗೆ ಈ ಹಾದಿ ಮುಚ್ಚಿದೆ.

ಇದರ ಪರಿಣಾಮವನ್ನು ಒಂದು ಮನೆಯೊಳಗೆ ನೋಡೋಣ. ಬೈಲಕುಪ್ಪೆಯ ಒಬ್ಬ ತಾಯಿಗೆ 1986ರಲ್ಲಿ ಒಂದು ಮಗು, 1988ರಲ್ಲಿ ಇನ್ನೊಂದು ಮಗು ಹುಟ್ಟಿತೆನ್ನಿ. ಅಕ್ಕ ಹುಟ್ಟಿನಿಂದಲೇ ಭಾರತೀಯಳು, ತಂಗಿ ವಿದೇಶಿ. ಅಕ್ಕನ ಹಕ್ಕೂ ಸುಲಭವಾಗಿ ಕೈಗೆ ಬರಲಿಲ್ಲ; 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ತೀರ್ಪು ಕೊಟ್ಟ ಮೇಲೆಯೇ ಅದು ಮಾತಿಗೆ ಬಂದದ್ದು. ಭಾರತದ ಪೌರತ್ವವೇ ಬೇಡ, ಅದನ್ನು ಪಡೆದರೆ ಟಿಬೆಟಿಗೆ ಮರಳುವ ಹಂಬಲವನ್ನು ತೊರೆದಂತೆ ಎನ್ನುವವರೂ ಆ ಸಮುದಾಯದಲ್ಲಿದ್ದಾರೆ. ಆ ನಿಲುವನ್ನು ಗೌರವಿಸಬೇಕು. ಬ್ಯಾಬಿಲೋನಿನ ನದಿಗಳ ದಡದಲ್ಲಿ ಅತ್ತವರ ವಂಶದ ವಿಶ್ವಾಸವನ್ನು ಹಂಚಿಕೊಂಡಿರುವ ನಮಗೆ ಅದು ಅರ್ಥವಾಗದ ಭಾವನೆಯೇನಲ್ಲ. ಆದರೆ ಬಾಗಿಲು ತೆರೆದಿದ್ದಾಗ ಒಳಗೆ ಬಾರದಿರುವುದು ಒಂದು, ಬಾಗಿಲೇ ಇಲ್ಲದಿರುವುದು ಇನ್ನೊಂದು.

ನನ್ನ ಅಭಿಪ್ರಾಯ

ಇಲ್ಲಿಂದ ಮುಂದಿನದು ನನ್ನ ತೀರ್ಮಾನ. ಬೇರೆ ಅಭಿಪ್ರಾಯವಿರುವ ಒಳ್ಳೆಯ ಕ್ರೈಸ್ತರು ಇದ್ದಾರೆಂಬುದು ನನಗೆ ಗೊತ್ತು.

ರಾಜ್ಯ ಗಡಿಯಲ್ಲಿ ತಡೆಯಬಹುದು, ಪರಿಶೀಲಿಸಬಹುದು, ಅವಧಿಯನ್ನು ನಿಗದಿಪಡಿಸಬಹುದು, ಭಾಷೆ ಕಲಿಯಲು ಹೇಳಬಹುದು. ಇವು ಥಾಮಸರು ಹೇಳಿದ ಕ್ರಮಕ್ಕೆ ಸೇರಿದವು. ಕನ್ನಡ ಕಲಿಯಬೇಕೆಂಬ ಷರತ್ತನ್ನು ಯಾರಾದರೂ ವಿರೋಧಿಸಿದರೆ ನಾನು ಷರತ್ತಿನ ಪರ ನಿಲ್ಲುತ್ತೇನೆ. ಆದರೆ ತಂದೆತಾಯಿಯ ಅಕ್ರಮ ಪ್ರವೇಶ ಮಗುವಿಗೆ, ಆ ಮಗುವಿನ ಮಗುವಿಗೆ, ತಲೆಮಾರುಗಳ ಎಣಿಕೆಯೇ ಇಲ್ಲದೆ ಇಳಿಯುವಂತೆ ಮಾಡುವುದು ಕ್ರಮವಲ್ಲ. ಮಗು ಯಾವ ಗಡಿಯನ್ನೂ ದಾಟಿಲ್ಲ. ಹೆತ್ತವರು ಹುಳಿದ್ರಾಕ್ಷಿ ತಿಂದು ಮಕ್ಕಳ ಹಲ್ಲು ಚಳಿತುಹೋಗುವ ಆ ಗಾದೆಯನ್ನು ಇನ್ನು ಆಡಬೇಡಿ ಎಂದು ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಖಂಡಿಸಿದ್ದಾನೆ. ಗೇರ್‌ನ ಮಕ್ಕಳಿಗೆ ಭೂಮಿಯ ಪಾಲು ಕೊಟ್ಟವನೂ ಅವನೇ. ಈ ಎರಡು ಅಧ್ಯಾಯಗಳನ್ನು ಜೊತೆಗಿಟ್ಟು ಓದಬೇಕೆಂದು ನನ್ನ ಸಲಹೆ. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಮಗುವಿಗೆ, ಹೆತ್ತವರ ಸ್ಥಿತಿ ಏನೇ ಇರಲಿ, ಒಂದು ನಿಶ್ಚಿತ ವಯಸ್ಸಿನಲ್ಲಿ ಪೌರತ್ವವನ್ನು ಕೇಳಿ ಪಡೆಯುವ ಹಕ್ಕಿರಬೇಕು. ಹೆತ್ತವರಿಗೂ ದೀರ್ಘವಾಸದ ನಂತರ, ಅಪರಾಧವಿಲ್ಲದ ಬದುಕಿನ ಆಧಾರದ ಮೇಲೆ, ದಂಡವನ್ನಾದರೂ ಕಟ್ಟಿಸಿಕೊಂಡು, ಒಂದು ಹಾದಿ ಇರಬೇಕು.

ಎರಡನೆಯ ವಿಷಯ ನಮಗೆ ಹೆಚ್ಚು ಇರುಸುಮುರುಸಿನದು. 2019ರ ತಿದ್ದುಪಡಿ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರನ್ನು ‘ಅಕ್ರಮ ವಲಸಿಗ’ ಎಂಬ ಪಟ್ಟಿಯಿಂದ ಹೊರಗಿಟ್ಟು, ಅವರ 11 ವರ್ಷಗಳ ಕಾಯುವಿಕೆಯನ್ನು 5ಕ್ಕೆ ಇಳಿಸಿತು. ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದವು. ಆ ದೇಶಗಳಲ್ಲಿ ಅಲ್ಪಸಂಖ್ಯಾತರು ಹಿಂಸೆಗೊಳಗಾಗಿದ್ದಾರೆ, ಅವರಿಗೆ ಬೇರೆ ಆಸರೆ ಕಡಿಮೆ, ಇದರಿಂದ ಯಾವ ಭಾರತೀಯನ ಪೌರತ್ವವೂ ಹೋಗುವುದಿಲ್ಲ ಎಂಬುದು ಸರಕಾರದ ವಾದ. ಹಿಂಸೆಯ ಮಾತು ಸತ್ಯ. ಪಾಕಿಸ್ತಾನದ ಕ್ರೈಸ್ತರ ನೋವನ್ನು ಬಲ್ಲ ಯಾರೂ ಈ ಪರಿಹಾರವನ್ನು ಹಗುರವಾಗಿ ಕಾಣರು. ಪಟ್ಟಿಯಲ್ಲಿ ನಮ್ಮ ಹೆಸರಿದೆ. ಅದೇ ಕಾರಣಕ್ಕೆ ನಾವು ಮಾತನಾಡಬೇಕು. ಸುಳ್ಯದವರ ಬಂಧುಗಳಾದ ಶಿಬಿರದ ತಮಿಳರು ಹಿಂದೂಗಳಾದರೂ ಕ್ರೈಸ್ತರಾದರೂ ಅದರಲ್ಲಿ ಇಲ್ಲ, ಏಕೆಂದರೆ ಅವರ ದೇಶ ಪಟ್ಟಿಯಲ್ಲಿಲ್ಲ. ಬೌದ್ಧರಾದ ಟಿಬೆಟಿನವರೂ ಇಲ್ಲ. ಮ್ಯಾನ್ಮಾರಿನ ರೋಹಿಂಗ್ಯಾಗಳಿಲ್ಲ, ಪಾಕಿಸ್ತಾನದಲ್ಲಿ ಹಿಂಸೆಗೊಳಗಾದ ಅಹ್ಮದೀಯರೂ ಇಲ್ಲ. ಹಿಂಸೆಯೇ ಅಳತೆಗೋಲಾಗಿದ್ದರೆ ಇವರೆಲ್ಲ ಇರಬೇಕಿತ್ತು. ಸಂವಿಧಾನ ಸಭೆಯಲ್ಲಿ 1949ರ ಆಗಸ್ಟ್‌ನಲ್ಲಿ ಪೌರತ್ವದ ಚರ್ಚೆ ನಡೆದಾಗ, ಪಿ. ಎಸ್. ದೇಶಮುಖರು ಹಿಂದೂ ಅಥವಾ ಸಿಖ್ ಎಂಬುದನ್ನು ಪೌರತ್ವಕ್ಕೆ ಆಧಾರವಾಗಿಸುವ ಸಲಹೆ ಇಟ್ಟಿದ್ದರು. ಸಭೆ ಅದನ್ನು ಒಪ್ಪಲಿಲ್ಲ. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಒಪ್ಪದಿದ್ದುದನ್ನು 70 ವರ್ಷಗಳ ನಂತರ ಬೇರೆ ರೂಪದಲ್ಲಿ ಒಪ್ಪಿದ್ದೇವೆ ಎಂದು ನನಗನ್ನಿಸುತ್ತದೆ. ಗೇರ್‌ನನ್ನು ಪ್ರೀತಿಸಬೇಕೆಂಬ ಆಜ್ಞೆಗೆ ಕೊಟ್ಟ ಕಾರಣದಲ್ಲಿ ಅವನ ಧರ್ಮದ ಪ್ರಸ್ತಾಪವೇ ಇರಲಿಲ್ಲ; ನಮ್ಮ ಹಳೆಯ ಸ್ಥಿತಿಯ ನೆನಪು ಮಾತ್ರ ಇತ್ತು.

ಸಂತ ಪೌಲರು ಪೌರತ್ವವನ್ನು ತಾತ್ಸಾರ ಮಾಡಿದವರಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ಪೌರತ್ವ ಸ್ವರ್ಗದಲ್ಲಿದೆ ಎಂದು ಫಿಲಿಪ್ಪಿಯರಿಗೆ ಬರೆದವರೇ, ಜೆರುಸಲೇಮಿನಲ್ಲಿ ಚಾವಟಿಯೇಟಿಗಾಗಿ ಕಟ್ಟುತ್ತಿದ್ದಾಗ ತಾನು ರೋಮಿನ ಪೌರನೆಂದು ಹೇಳಿದರು (ಪ್ರೇಷಿತರ ಕಾರ್ಯಕಲಾಪಗಳು 22:25). ಸಹಸ್ರಾಧಿಪತಿ ತಾನು ಆ ಹಕ್ಕನ್ನು ಬಹಳ ಹಣ ಕೊಟ್ಟು ಕೊಂಡೆನೆಂದ. ಪೌಲರು ತಾನು ಹುಟ್ಟಿನಿಂದಲೇ ಪೌರನೆಂದರು. ಚಾವಟಿ ಕೆಳಗಿಳಿಯಿತು. ‘ಈ ಲೋಕದಲ್ಲಿ ನಾವೆಲ್ಲ ಯಾತ್ರಿಕರೇ’ ಎಂದು ಪೌರತ್ವವಿಲ್ಲದವನಿಗೆ ಸಮಾಧಾನ ಹೇಳುವ ಮುನ್ನ ಆ ಚಾವಟಿಯನ್ನು ನೆನೆಯುವುದು ಒಳ್ಳೆಯದು.

ನಮ್ಮ ಸ್ವಂತ ಕಾನೂನು

ಸರಕಾರಕ್ಕೆ ಬುದ್ಧಿ ಹೇಳುವುದು ಸುಲಭ. ಧರ್ಮಸಭೆಗೂ ಅದರದೇ ಆದ ನಿವಾಸದ ಕಾನೂನಿದೆ. ಧರ್ಮಸಭೆಯ ಕಾನೂನು ಸಂಹಿತೆಯ 102ನೆಯ ವಿಧಿಯಂತೆ, ಒಂದು ಧರ್ಮಕೇಂದ್ರದಲ್ಲಿ ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ಬಂದವನು ಬಂದ ದಿನದಿಂದಲೇ ಅಲ್ಲಿಯ ನಿವಾಸಿ. ಆ ಉದ್ದೇಶವಿಲ್ಲದಿದ್ದರೂ ಐದು ವರ್ಷ ತುಂಬಿದರೆ ನಿವಾಸಿ. ಮೂರು ತಿಂಗಳು ತುಂಬಿದರೆ ಅರೆನಿವಾಸಿ. ಅರ್ಜಿಯಿಲ್ಲ, ಶುಲ್ಕವಿಲ್ಲ. ಎಲ್ಲಿಯೂ ನೆಲೆಯಿಲ್ಲದ ಅಲೆಮಾರಿಗೂ, ಅವನು ಸದ್ಯಕ್ಕೆ ಇರುವ ಸ್ಥಳದ ಗುರುವೇ ಅವನ ಸ್ವಂತ ಗುರು ಎಂದು 107ನೆಯ ವಿಧಿ ಹೇಳುತ್ತದೆ. ಹಾಗೆ ನೋಡಿದರೆ ಸ್ಥಿತಿಯಿಲ್ಲದವನೆಂಬ ವರ್ಗವೇ ನಮ್ಮ ಕಾನೂನಿನಲ್ಲಿ ಇಲ್ಲ. ‘ಪ್ಯಾರಿಷ್’ ಎಂಬ ಪದದ ಮೂಲವಾದ ಗ್ರೀಕಿನ ‘ಪರೊಯಿಕಿಯ’ ಎಂದರೂ ಪರದೇಶಿಯಾಗಿ ವಾಸಿಸುವುದು ಎಂದೇ ಅರ್ಥ. ‘ಧರ್ಮಕೇಂದ್ರ’ ಎಂಬ ನಮ್ಮ ಸುಂದರವಾದ ಅನುವಾದದಲ್ಲಿ ಆ ನೆನಪು ಉಳಿದಿಲ್ಲ.

ಆಚರಣೆಯಲ್ಲಿ ಏನಾಗುತ್ತಿದೆ? ಕಟ್ಟಡ ಕೆಲಸಕ್ಕೂ ಕಾಫಿ ತೋಟಕ್ಕೂ ಜಾರ್ಖಂಡ್, ಒಡಿಶಾ, ಅಸ್ಸಾಮುಗಳಿಂದ ಬಂದ ಆದಿವಾಸಿ ಕ್ರೈಸ್ತರು ನಮ್ಮ ದೇವಾಲಯಗಳ ಕೊನೆಯ ಬೆಂಚುಗಳಲ್ಲಿ ಕುಳಿತು ಹೋಗುತ್ತಾರೆ. ಅವರು ಭಾರತದ ಪೌರರು, ವಿದೇಶಿಯರಲ್ಲ. ಆದರೂ ಮಗುವಿನ ದೀಕ್ಷಾಸ್ನಾನಕ್ಕೆ ಬಂದಾಗ ಕುಟುಂಬದ ಕಾರ್ಡು ಎಲ್ಲಿ, ಚಂದಾ ರಸೀದಿ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. ಸತ್ತವನನ್ನು ಹೂಳಲು ಸ್ಮಶಾನದ ಜಾಗ ‘ನಮ್ಮವರಿಗೆ’ ಮಾತ್ರ ಎಂದು ಪಾಲನಾ ಸಮಿತಿಯಲ್ಲಿ ವಾದಿಸಿದ ಸಭೆಯೊಂದರಲ್ಲಿ ನಾನೂ ಕುಳಿತಿದ್ದೆ. ಅಂದು ನಾನು ಬಾಯಿ ಬಿಡಲಿಲ್ಲ. ಐದು ವರ್ಷದ ವಿಧಿ ನನಗೆ ಬಾಯಿಪಾಠವಾಗಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಕ್ಕಿತ್ತು.

ಭಾನುವಾರಗಳಂದು ನಾನು ಬಲಿಪೂಜೆಗೆ ಹೋಗುವ ಉಪಕೇಂದ್ರದಲ್ಲಿ, ಐದು ವರ್ಷ ತುಂಬಿದವರ ಹೆಸರುಗಳನ್ನು ಅವರು ಕೇಳದಿದ್ದರೂ ಕುಟುಂಬ ದಾಖಲೆಗೆ ಸೇರಿಸಬೇಕು, ಹುಟ್ಟಿದ ಸ್ಥಳದ ಅಂಕಣವನ್ನು ಖಾಲಿ ಬಿಡಬಾರದು ಎಂಬ ಪ್ರಸ್ತಾವವನ್ನು ಈಚೆಗೆ ಮುಂದಿಟ್ಟೆ. ಹಿರಿಯರೊಬ್ಬರು ‘ಹೀಗೆ ಮಾಡಿದರೆ ನಾಳೆ ಅವರೇ ಹೆಚ್ಚಾಗುತ್ತಾರೆ, ಕನ್ನಡ ಪೂಜೆಯ ಗತಿ ಏನು ಫಾದರ್?’ ಎಂದು ಕೇಳಿದರು. ಇದು ಥಾಮಸರ ಪ್ರಶ್ನೆಯೇ; ಉತ್ತರ ಕೊಡದೆ ದಾಟುವಂತಿಲ್ಲ. ಹೆಸರು ಸೇರಿಸಲು ಸಮಿತಿ ಒಪ್ಪಿದೆ, ಅವರ ಮಕ್ಕಳಿಗೆ ಕನ್ನಡದಲ್ಲಿ ಧರ್ಮೋಪದೇಶ ಕಲಿಸಲು ಇಬ್ಬರು ಶಿಕ್ಷಕಿಯರು ಮುಂದೆ ಬಂದಿದ್ದಾರೆ. ಸ್ಮಶಾನದ ವಿಷಯ ಮುಂದಿನ ಸಭೆಗೆ ಹೋಗಿದೆ.